ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ: 2 ನಿಮಿಷದ ಥ್ರಿಲ್ಲರ್ ಆರಂಭ ಮಾಡುವ ಬಗೆ

ಬಿ.ಎ. ಪತ್ರಿಕೋದ್ಯಮದ ಕೊನೆಯ ವರ್ಷ ನಮಗೆ ಕೊಟ್ಟ ಕೆಲಸ ಇದು: ಒಂದು ಥ್ರಿಲ್ಲರ್ ಸಿನಿಮಾದ ಮೊದಲ 2 ನಿಮಿಷ ಮಾಡಿ, ಟೈಟಲ್ ಸಮೇತ. ಪೂರ್ತಿ ಸಿನಿಮಾ ಬೇಡ. ಜೊತೆಗೆ ಹೇಗೆ ಮಾಡಿದಿರಿ, ಯಾಕೆ ಹಾಗೇ ಮಾಡಿದಿರಿ ಅಂತ ಬರೆದುಕೊಡಿ. ಇಂಗ್ಲೆಂಡಿನ ಎ ಲೆವೆಲ್ (ನಮ್ಮ ಪಿಯುಸಿಯಂಥದ್ದು) ಮೀಡಿಯಾ ಸ್ಟಡೀಸ್ ಮಕ್ಕಳಿಗೂ ಬಹಳ ವರ್ಷ ಇಂಥದ್ದೇ ಕೆಲಸ ಇತ್ತು, ಅಲ್ಲೂ 2 ನಿಮಿಷವೇ ಮಿತಿ. ಈಗ ನನ್ನ ಜೂನಿಯರ್‌ಗಳು ಅದನ್ನೇ ಮಾಡಬೇಕಾಗಿದೆ. ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ನಾವು ನಾಲ್ಕು ಜನ. ನಿರ್ದೇಶನ, ಎಡಿಟಿಂಗ್ ನನ್ನದು. ಕ್ಯಾಮೆರಾ ಒಬ್ಬ ಗೆಳತಿಯದು. ನಟಿಸಿದ್ದು ಎರಡನೇ ವರ್ಷದ ಹುಡುಗಿ. ಸೌಂಡ್ ನೋಡಿಕೊಂಡಿದ್ದು ನನ್ನ ತಮ್ಮ. ಜಾಗ ತೀರ್ಥಹಳ್ಳಿ ಹತ್ತಿರ ಅಮ್ಮಮ್ಮನ ಮನೆ. ಹಂಚಿನ ಮಾಡು, ಉದ್ದದ ಜಗುಲಿ, ಮುಂದೆ ಅಂಗಳ, ಅದರಾಚೆ ಅಡಿಕೆ ತೋಟ. ಜುಲೈ ತಿಂಗಳು, ಬಿಡದೆ ಮಳೆ.

ಮೊದಲು ಕಥೆ. ಹೆಚ್ಚಿನವರು ಎಡವುವುದು ಇಲ್ಲೇ. ಕೊಲೆ, ಅಪಹರಣ, ಮುಖವಾಡ ಹಾಕಿದವನು, ರಕ್ತ, ಎಲ್ಲವನ್ನೂ ಎರಡೇ ನಿಮಿಷಕ್ಕೆ ತುರುಕುತ್ತಾರೆ. ನಮ್ಮ ಮೊದಲ ಕಥೆಯಲ್ಲೂ ಒಂದು ಶವ ಇತ್ತು. ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: "ನೋಡುವವರಿಗೆ ಏನು ಗೊತ್ತಿದೆ, ಆ ಹುಡುಗಿಗೆ ಏನು ಗೊತ್ತಿಲ್ಲ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಕೊಟ್ಟ ಬಾಂಬಿನ ಉದಾಹರಣೆಯನ್ನು ಆಮೇಲೆ ಮೇಡಂ ವಿವರಿಸಿದರು. ಇಬ್ಬರು ಮೇಜಿನ ಮುಂದೆ ಕೂತು ಮಾತಾಡುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಬಾಂಬ್ ಸಿಡಿದರೆ ನೋಡುವವರು ಬೆಚ್ಚಿಬೀಳುವುದು 15 ಸೆಕೆಂಡ್. ಬಾಂಬ್ ಮೇಜಿನ ಕೆಳಗಿದೆ ಅಂತ ನೋಡುವವರಿಗೆ ಮೊದಲೇ ತೋರಿಸಿಬಿಟ್ಟರೆ, ಅದೇ ಹರಟೆಯನ್ನು ಅವರು 15 ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾರೆ.

ಆಮೇಲೆ ನಾವು ಹುಡುಕಿದ್ದು ನಮ್ಮ ಬಾಂಬನ್ನು. ಅದು ದಿನಾ ಕಣ್ಣಿಗೆ ಬೀಳುವ ವಸ್ತುವೇ ಆದರೆ ಒಳ್ಳೆಯದು. ಪವನ್ ಕುಮಾರ್ ಅವರ 2016ರ ‘ಯೂ ಟರ್ನ್’ ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಜನ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಿದ್ದ ಅಭ್ಯಾಸದಿಂದ. ಅಲ್ಲಿ ಓಡಾಡುವವರೆಲ್ಲ ನೋಡಿದ್ದೇ ಅದು. ನಮಗೆ ಸಿಕ್ಕಿದ್ದು ಚಪ್ಪಲಿ.

ಕಥೆ ಇಷ್ಟೇ. ಬೀಗ ಹಾಕಿದ ಹಳೇ ಮನೆಗೆ ಒಬ್ಬಳು ಹುಡುಗಿ ಮಳೆಯಲ್ಲಿ ಬರುತ್ತಾಳೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಬೀಗ ತೆಗೆದು ಒಳಗೆ ಹೋಗಿ, ಅಜ್ಜಿಯ ಪೆಟ್ಟಿಗೆಯಲ್ಲಿ ಏನೋ ಕಾಗದ ಹುಡುಕುತ್ತಾಳೆ. ಹೊರಗೆ ಮೆಟ್ಟಿಲು: ಅವಳ ಒಂದು ಜೊತೆ ಚಪ್ಪಲಿ. ಮತ್ತೆ ಒಳಗೆ: ಅವಳಿಗೆ ಕಾಗದ ಸಿಗುತ್ತದೆ. ಮತ್ತೆ ಮೆಟ್ಟಿಲು: ಎರಡು ಜೊತೆ. ಅವಳು ಪೆಟ್ಟಿಗೆ ಮುಚ್ಚುತ್ತಾಳೆ. ಟೈಟಲ್. ಸಂಭಾಷಣೆ ಒಂದೂ ಇಲ್ಲ. ಮುಂದೆ ಏನಾಗುತ್ತೆ ಅಂತ ನಾವೂ ಬರೆದಿಟ್ಟಿರಲಿಲ್ಲ. ಬಂದವನು ಯಾರು ಅನ್ನುವುದನ್ನು ಮಾತ್ರ ನಮ್ಮೊಳಗೆ ತೀರ್ಮಾನ ಮಾಡಿಕೊಂಡಿದ್ದೆವು: ಆ ಮನೆಯನ್ನು ಚೆನ್ನಾಗಿ ಬಲ್ಲವನು. ಇಷ್ಟು ನಿಮಗೂ ಗೊತ್ತಿರಬೇಕು. ಇಲ್ಲದಿದ್ದರೆ ಸಣ್ಣ ಸಣ್ಣ ಆಯ್ಕೆ ಮಾಡುವಾಗ ಕೈ ನಡುಗುತ್ತದೆ.

ಇನ್ನೊಂದು ಸುಳಿವೂ ಇತ್ತು, ಬಚ್ಚಲ ಹೊಗೆ. ಯಾರೂ ಇಲ್ಲದ ಮನೆಯಲ್ಲಿ ಹಂಡೆಗೆ ಉರಿ ಹಾಕಿದ್ದಾರೆ ಅಂತ ತೋರಿಸುವುದು. ನನಗೆ ತುಂಬ ಇಷ್ಟವಾಗಿತ್ತು. ಆದರೆ ಮಳೆ ಮಂಜಿನ ಮುಂದೆ ಹೊಗೆ ನಮ್ಮ ಫೋನಿನ ಕ್ಯಾಮೆರಾಕ್ಕೆ ಕಾಣಲೇ ಇಲ್ಲ. ಎರಡು ಗಂಟೆ ಹೋರಾಡಿ ಬಿಟ್ಟುಬಿಟ್ಟೆವು. ಒಳ್ಳೆಯದೇ ಆಯ್ತು. ಎರಡು ನಿಮಿಷಕ್ಕೆ ಒಂದೇ ಸುಳಿವು ಸಾಕು.

ಕಥೆ ಆದಮೇಲೆ ಶಾಟ್ ಪಟ್ಟಿ. ಸ್ಟೋರಿಬೋರ್ಡ್‌ಗೆ, ಅಂದರೆ ಶಾಟ್‌ಗಳನ್ನು ಮೊದಲೇ ಕಾಗದದ ಮೇಲೆ ಬಿಡಿಸಿಕೊಳ್ಳುವುದಕ್ಕೆ, ಚಿತ್ರ ಬರೆಯಲು ಬರಬೇಕು ಅಂತೇನಿಲ್ಲ. ನಾನು ಕಡ್ಡಿ ಗೊಂಬೆ ಬರೆದು, ಪಕ್ಕದಲ್ಲಿ ಬಾಣದ ಗುರುತು ಹಾಕಿದ್ದೆ. ಆ ಬಾಣ ಮುಖ್ಯ. ಹುಡುಗಿ ತೆರೆಯ ಎಡದಿಂದ ಬಲಕ್ಕೆ ನಡೆಯುತ್ತಿದ್ದರೆ ಮನೆ ಮುಟ್ಟುವವರೆಗೂ ಎಡದಿಂದ ಬಲಕ್ಕೇ ನಡೆಯಬೇಕು. ಇದಕ್ಕೆ 180 ಡಿಗ್ರಿ ನಿಯಮ ಅನ್ನುತ್ತಾರೆ. ಅವಳು ನಡೆಯುವ ದಾರಿಯನ್ನೇ ಒಂದು ಗೆರೆ ಅಂದುಕೊಳ್ಳಿ, ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿ ಇರಬೇಕು. ತೋಟದಲ್ಲಿ ನಾವು ನಿಂತ ಕಡೆ ಕೆಸರಾಯಿತು ಅಂತ ಗೆಳತಿ ದಾರಿಯ ಆಚೆ ಬದಿಗೆ ದಾಟಿ ಮುಂದಿನ ಶಾಟ್ ತೆಗೆದಳು. ಅಲ್ಲಿ ಯಾರಿಗೂ ಹೊಳೆಯಲಿಲ್ಲ. ರಾತ್ರಿ ಜೋಡಿಸಿ ನೋಡಿದರೆ ಹುಡುಗಿ ಅರ್ಧ ದಾರಿಗೆ ಬಂದು ವಾಪಸ್ ಹೋಗುತ್ತಿರುವ ಹಾಗಿತ್ತು! ಅದೃಷ್ಟಕ್ಕೆ ಅವಳ ಪಾದಗಳು ಕ್ಯಾಮೆರಾದ ಕಡೆಗೇ ನೇರವಾಗಿ ಬರುವ ಒಂದು ಶಾಟ್ ಇತ್ತು. ಅದನ್ನು ನಡುವೆ ಇಟ್ಟೆ, ದಿಕ್ಕು ಬದಲಾದದ್ದು ಗೊತ್ತಾಗಲಿಲ್ಲ. ನೀವೂ ಪ್ರತಿ ಜಾಗದಲ್ಲಿ ಹೀಗೆ ನೇರ ಎದುರಿನಿಂದ ಒಂದು ಶಾಟ್ ತೆಗೆದಿಟ್ಟುಕೊಳ್ಳಿ.

ಫೋನಿನಲ್ಲಿ ತೆಗೆಯುವವರಿಗೆ ಕೆಲವು ಮಾತು. ಆಟೋ ಮೋಡ್ ಬಿಡಿ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಹುಡುಗಿ ಕತ್ತಲಿಂದ ಕಿಟಕಿ ಹತ್ತಿರ ಬಂದ ಕೂಡಲೇ ಇಡೀ ಚಿತ್ರ ತನ್ನಷ್ಟಕ್ಕೆ ಬೆಳ್ಳಗಾಗಿ, ಮತ್ತೆ ಕಪ್ಪಾಗಿ, ಕಟ್ಟಿದ ಭಯವೆಲ್ಲ ಒಡೆದುಹೋಗುತ್ತದೆ. ನಿಮ್ಮ ಫೋನಿನ ಪ್ರೊ ಮೋಡ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಉಚಿತ ಆಪ್‌ಗಳಿವೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆಪ್ ಚೆನ್ನಾಗಿದೆ, ಆದರೆ ಎಲ್ಲಾ ಫೋನಿಗೂ ಬರುವುದಿಲ್ಲ.

ಟ್ಯೂಬ್‌ಲೈಟ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಅದರಿಂದಲೇ ನಮ್ಮ ಒಂದು ದಿನ ಪೂರ್ತಿ ಹೋಯಿತು. ಮೊದಲ ದಿನ ಪೆಟ್ಟಿಗೆಯ ಶಾಟ್‌ಗಳನ್ನೆಲ್ಲ ಒಳಮನೆಯ ಹಳೇ ಚೋಕ್ ಟ್ಯೂಬ್‌ಲೈಟಿನ ಬೆಳಕಲ್ಲಿ ತೆಗೆದೆವು. ಫೋನಿನ ಸಣ್ಣ ತೆರೆಯಲ್ಲಿ ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪಿಗೆ ಹಾಕಿದರೆ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿವೆ. ಕಾರಣ ಇದು: ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಂಥ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಅಥವಾ 1/100 ಸೆಕೆಂಡ್ ಇಟ್ಟರೆ ಎರಡೂ ಹೊಂದಿಕೊಂಡು ಪಟ್ಟಿ ಮಾಯ. ನಮ್ಮ ಫೋನ್ ತಾನಾಗಿಯೇ 1/60 ತೆಗೆದುಕೊಂಡಿತ್ತು. ಸೆಕೆಂಡಿಗೆ 25 ಫ್ರೇಮ್, 1/50 ಶಟರ್, ಇದನ್ನು ಮೊದಲೇ ಹೊಂದಿಸಿ ಅದರ ತಂಟೆಗೆ ಹೋಗಬೇಡಿ. ಅಗ್ಗದ ಎಲ್‌ಇಡಿ ಬಲ್ಬುಗಳೂ ಹೀಗೆ ಕಾಡುತ್ತವೆ. ಮೊದಲು ಒಂದು ನಿಮಿಷ ತೆಗೆದು ದೊಡ್ಡ ತೆರೆಯಲ್ಲಿ ನೋಡಿಕೊಂಡು ಆಮೇಲೆ ಕೆಲಸ ಶುರು ಮಾಡಿ.

ಎರಡನೇ ಸಲ ಟ್ಯೂಬ್‌ಲೈಟೇ ಬೇಡ ಅಂತ ಕಿಟಕಿಯ ಬೆಳಕಿನಲ್ಲಿ ತೆಗೆದೆವು. ಕಿಟಕಿ ಹುಡುಗಿಯ ಒಂದು ಪಕ್ಕಕ್ಕೆ ಬರುವ ಹಾಗೆ ಪೆಟ್ಟಿಗೆಯನ್ನೇ ಎಳೆದಿಟ್ಟೆವು. ಅರ್ಧ ಮುಖ ಬೆಳಕು, ಅರ್ಧ ಮುಖ ನೆರಳು. ನೆರಳು ತೀರಾ ಕಪ್ಪಾದಾಗ ಆ ಪಕ್ಕಕ್ಕೆ ಒಂದು ಥರ್ಮೋಕೋಲ್ ಶೀಟ್ ಹಿಡಿದರೆ ಸಾಕಾಗುತ್ತಿತ್ತು. ಪೆಟ್ಟಿಗೆಯ ಒಳಗಿಂದ ಬರುವ ಬೆಳಕಿಗೆ ಒಂದು ಟಾರ್ಚ್, ಅದರ ಬಾಯಿಗೆ ಬಟರ್ ಪೇಪರ್. ಹೊರಗಿನ ಸಂಜೆ ಶಾಟ್‌ಗಳಿಗೆ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿ, ಎಕ್ಸ್‌ಪೋಶರ್ ಕಡಿಮೆ ಮಾಡಿ, ಆಕಾಶ ಚೌಕಟ್ಟಿಗೆ ಬರದಂತೆ ನೋಡಿಕೊಂಡರೆ ನೀಲಿಗಟ್ಟಿ ಮುಚ್ಚಂಜೆ ದಾಟಿದ ಹಾಗೆ ಕಾಣುತ್ತದೆ. ನಿಜವಾದ ಕತ್ತಲಲ್ಲಿ ತೆಗೆಯಲು ಹೋಗಬೇಡಿ. ಫೋನಿಗೆ ಅಲ್ಲಿ ಬರೀ ಕಾಳು ಕಾಳು ಚಿತ್ರ ಸಿಗುತ್ತದೆ.

ಇನ್ನು ಆ ಚಪ್ಪಲಿ ಶಾಟ್. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇದರಿಂದಲೇ. ಮೊದಲು ಮೇಲಿನಿಂದ ತೆಗೆದೆವು. ಚಪ್ಪಲಿ ಅಂಗಡಿಯಲ್ಲಿ ಇಟ್ಟ ಹಾಗೆ ಕಂಡಿತು. ಗೆಳತಿ ಫೋನನ್ನು ಕೆಳಗಿನ ಮೆಟ್ಟಿಲ ಮೇಲೇ, ಅಕ್ಕಿ ತುಂಬಿದ ಸಣ್ಣ ಚೀಲಕ್ಕೆ ಒರಗಿಸಿ ಇಟ್ಟಳು. ಈಗ ಚಪ್ಪಲಿ ಮುಂದೆ ದೊಡ್ಡದಾಗಿ, ಹಿಂದೆ ತೆರೆದ ಬಾಗಿಲು, ಅದರೊಳಗೆ ಕತ್ತಲು. ಹುಡುಗಿಯ ಹವಾಯಿ ಚಪ್ಪಲಿ ಒಂದು ಇಲ್ಲಿ, ಒಂದು ಅಲ್ಲಿ ಬಿದ್ದಿತ್ತು, ಮಳೆಯಿಂದ ಓಡಿ ಬಂದವಳು ಬಿಟ್ಟ ಹಾಗೆ. ಎರಡನೇ ಜೊತೆ ನನ್ನ ಮಾವನದು, ದೊಡ್ಡದು, ತೋಟಕ್ಕೆ ಹಾಕುವಂಥದ್ದು. ನಾನು ಅದನ್ನೂ ಅಸ್ತವ್ಯಸ್ತವಾಗಿಯೇ ಇಟ್ಟೆ. ನಟಿಸುವ ಹುಡುಗಿ ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಅಕ್ಕಾ, ಅವನದ್ದು ನೆಟ್ಟಗೆ ಇಡೋಣ. ಜೋಡಿಸಿ ಇಟ್ಟ ಹಾಗೆ." ಇಟ್ಟೆವು. ನಾಲ್ವರೂ ಸುಮ್ಮನಾದೆವು. ಅವಳು ಅವಸರದಲ್ಲಿದ್ದಾಳೆ, ಅವನಿಗೆ ಅವಸರವೇ ಇಲ್ಲ. ಆ ಮನೆ ಅವನಿಗೆ ಹೊಸದಲ್ಲ. ಒಂದು ಮಾತೂ ಇಲ್ಲದೆ, ಮುಖವೂ ತೋರಿಸದೆ ಅವನು ಬಂದುಬಿಟ್ಟಿದ್ದ.

ಅಲ್ಲೊಂದು ತೊಂದರೆಯೂ ಆಯಿತು. ಹುಡುಗಿಯ ಚಪ್ಪಲಿ ಮೊದಲ ಮೆಟ್ಟಿಲ ಶಾಟ್‌ನಲ್ಲಿ ಒದ್ದೆ, ಎರಡನೆಯದರಲ್ಲಿ ಒಣಗಿತ್ತು. ನಡುವೆ ನಾವು ಊಟಕ್ಕೆ ಹೋಗಿದ್ದೆವು. ಕಂಟಿನ್ಯುಟಿಗೆ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲ ಒಂದೇ ಹಾಗೆ ಕಾಣುವುದಕ್ಕೆ, ದೊಡ್ಡ ಉಪಾಯ ಏನಿಲ್ಲ: ಪ್ರತಿ ಶಾಟ್ ಮುಗಿದ ಕೂಡಲೇ ಇನ್ನೊಂದು ಫೋನಿನಲ್ಲಿ ಒಂದು ಫೋಟೊ. ಕೂದಲ ಕ್ಲಿಪ್ ಯಾವ ಕಡೆ, ಕೊಡೆ ಯಾವ ಕೈಯಲ್ಲಿ, ಚಪ್ಪಲಿ ಒದ್ದೆಯೋ ಒಣವೋ. ಆಮೇಲೆ ಚೊಂಬಿನಲ್ಲಿ ನೀರು ತಂದು ಚಿಮುಕಿಸಿ ಮತ್ತೆ ತೆಗೆದೆವು.

ಅನುಮತಿ ಬಗ್ಗೆ ಚಿಕ್ಕದಾಗಿ: ನಿಮ್ಮವರ ಮನೆಯಲ್ಲೇ ತೆಗೆಯಿರಿ. ರೈಲ್ವೆ ಸ್ಟೇಷನ್ನಿನಲ್ಲಿ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತಬೇಡಿ. ಆಟಿಕೆಯದ್ದೇ ಆದರೂ ಚಾಕು, ಪಿಸ್ತೂಲು ಹಿಡಿದು ಬೀದಿಗೆ ಇಳಿಯಬೇಡಿ.

ಶಬ್ದದ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಥ್ರಿಲ್ಲರಿನಲ್ಲಿ ಹೆದರಿಸುವುದು ಅರ್ಧಕ್ಕಿಂತ ಜಾಸ್ತಿ ಕಿವಿಯೇ. ಹಂಚಿನ ಮೇಲೆ ಬೀಳುವ ಮಳೆ ಎಷ್ಟು ಜೋರಿತ್ತು ಅಂದರೆ, ಶೂಟಿಂಗಿನಲ್ಲಿ ದಾಖಲಾದ ಬೇರೆ ಯಾವ ಶಬ್ದವೂ ಕೆಲಸಕ್ಕೆ ಬರಲಿಲ್ಲ. ಎಲ್ಲವನ್ನೂ ತೆಗೆದುಹಾಕಿ ಮತ್ತೆ ಮಾಡಿದೆವು. ತಮ್ಮ ಜಗುಲಿಯಲ್ಲಿ ಒಮ್ಮೆ, ಒಳಮನೆಯಲ್ಲಿ ಒಮ್ಮೆ, ಯಾರೂ ಉಸಿರೆತ್ತದೆ ಒಂದೊಂದು ನಿಮಿಷ ಬರೀ ಮಳೆ ರೆಕಾರ್ಡ್ ಮಾಡಿಕೊಂಡ. ಎರಡೂ ಬೇರೆ ಬೇರೆ ಮಳೆ! ಜಗುಲಿಯಲ್ಲಿ ಮಳೆ ಚಟಪಟ ಅನ್ನುತ್ತದೆ, ಒಳಗೆ ಅದೇ ಮಳೆ ಗುಂಯ್ ಅನ್ನುತ್ತದೆ. ಹುಡುಗಿ ಹೊಸ್ತಿಲು ದಾಟಿದ ಕ್ಷಣಕ್ಕೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದೆ. ನೋಡಿದವರು "ಒಳಗೆ ಹೋದ ಕೂಡಲೇ ಎದೆ ಬಿಗಿಯಾಯ್ತು" ಅಂದರು. ಚಿತ್ರದಲ್ಲಿ ಅದಕ್ಕಾಗಿ ಏನೂ ಮಾಡಿರಲಿಲ್ಲ.

ಉಳಿದ ಶಬ್ದಗಳನ್ನು ಒಂದು ರಾತ್ರಿ ರಗ್ಗು ಹೊದ್ದುಕೊಂಡು, ಅದರೊಳಗೆ ಫೋನನ್ನು ಒಂದು ಗೇಣು ದೂರ ಇಟ್ಟು ಮಾಡಿದೆವು. ಪೆಟ್ಟಿಗೆಯ ಮುಚ್ಚಳ ಕಿರ್ರೆನ್ನುವುದಕ್ಕೆ ಒಣಗಿದ ಅಡಿಕೆ ಹಾಳೆಯನ್ನು ನಿಧಾನ ಬಗ್ಗಿಸಿದೆವು. ನಿಜವಾದ ಪೆಟ್ಟಿಗೆಗಿಂತ ಅದೇ ಚೆನ್ನಾಗಿ ಬಂತು. ಒದ್ದೆ ಪಾದಕ್ಕೆ ಹಿಂಡದ ಬಟ್ಟೆಯನ್ನು ಅಡುಗೆ ಕಟ್ಟೆಯ ಮೇಲೆ ಮೆಲ್ಲಗೆ ಬಡಿದೆವು. ಸಿನಿಮಾದ ಹಿನ್ನೆಲೆ ಸಂಗೀತ ಕದಿಯಬೇಡಿ, ಅದು ಬೇರೆಯವರ ದುಡಿಮೆ. ಅಮ್ಮಮ್ಮನ ಮನೆಯ ಹಾರ್ಮೋನಿಯಂನ ಒಂದೇ ಕೀ ಒತ್ತಿ ಹಿಡಿದು ರೆಕಾರ್ಡ್ ಮಾಡಿ, ಅದರ ವೇಗ ಅರ್ಧಕ್ಕೆ ಇಳಿಸಿದೆ. ಶ್ರುತಿ ಒಂದು ಸ್ಥಾಯಿ ಕೆಳಗಿಳಿದು ಯಾರೋ ನರಳುವ ಹಾಗಾಯಿತು. ಇಡೀ ಸಂಗೀತ ಅಷ್ಟೇ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು) ಒಂದೇ ಸಮ ಇರುವುದಿಲ್ಲ, ಅದರಿಂದ ಶಬ್ದ ಮೆಲ್ಲಗೆ ಹಿಂದೆ ಮುಂದೆ ಸರಿಯಬಹುದು. ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಮೊದಲೇ ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿಕೊಳ್ಳಿ. ಪಟ್ಟಿಯಲ್ಲಿ 31 ಶಾಟ್ ಇದ್ದವು, ಉಳಿದದ್ದು 19. ತೋಟದ ಶಾಟ್‌ಗಳು ಆರೇಳು ಸೆಕೆಂಡ್ ನಿಲ್ಲುತ್ತವೆ, ಪೆಟ್ಟಿಗೆಯವು ಎರಡೆರಡು ಸೆಕೆಂಡ್.

ಕನ್ನಡದ ಟೈಟಲ್ ಹಾಕುವಾಗ ಒತ್ತಕ್ಷರ ಒಡೆಯುವುದು ನಿಮಗೂ ಆಗಬಹುದು. ನಮ್ಮಲ್ಲಿ ‘ನಿರ್ದೇಶನ’ದ ಅರ್ಕಾವತ್ತು ಎಲ್ಲೋ ಹೋಗಿ ಕೂತಿತ್ತು. ಎಡಿಟಿಂಗ್ ಪ್ರೋಗ್ರಾಮಿನ ಜೊತೆ ಗುದ್ದಾಡುವುದಕ್ಕಿಂತ ಇಂಕ್‌ಸ್ಕೇಪ್ ಎನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ತಂದು ಕೂರಿಸಿ. ನಾನು ಬಳಸಿದ್ದು ನೋಟೋ ಸಾನ್ಸ್ ಕನ್ನಡ. ರಕ್ತ ಸುರಿಯುವ ಅಕ್ಷರ ಬೇಡ. ಹೆಸರುಗಳನ್ನು ಚೌಕಟ್ಟಿನ ಕತ್ತಲ ಭಾಗದಲ್ಲಿ ಇಡಿ, ಹುಡುಗಿ ನೋಡದ ಕಡೆ. ಕಣ್ಣು ಅಲ್ಲಿಗೆ ಹೋದಾಗ ಅಲ್ಲಿ ಇನ್ನೇನೋ ಇರಬಹುದು ಅನಿಸುತ್ತದೆ.

ಮೊದಲ ಜೋಡಣೆ ಆದ ಕೂಡಲೇ ಬೇರೆಯವರಿಗೆ ತೋರಿಸಿ. ಮುಂಚೆ ಏನೂ ವಿವರಿಸಬೇಡಿ. ಒಂದು ಚೀಟಿ ಕೊಟ್ಟು, ಏನಾಯಿತು, ಮುಂದೇನಾಗುತ್ತೆ ಎಂದು ಎರಡು ಸಾಲು ಬರೆಸಿ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅದರಿಂದ ಏನೂ ಸಿಗದು. ಒಂಬತ್ತು ಜನಕ್ಕೆ ತೋರಿಸಿದೆವು. ಆರು ಜನರಿಗೆ ಎರಡನೇ ಜೊತೆ ಚಪ್ಪಲಿ ಕಂಡೇ ಇರಲಿಲ್ಲ! ಶಾಟ್ ಒಂದೂವರೆ ಸೆಕೆಂಡ್ ಇತ್ತು. ಎಲ್ಲಿ ನೋಡಬೇಕು ಅಂತ ನನಗೆ ಗೊತ್ತಿದ್ದರಿಂದ ನನಗೆ ಅಷ್ಟು ಸಾಕಾಗಿತ್ತು. ಅದನ್ನು 4 ಸೆಕೆಂಡ್ ಮಾಡಿದೆ. ಒಂದೇ ಜೊತೆ ಇರುವ ಶಾಟ್ ಕೂಡ ಅದೇ ಕೋನದಲ್ಲಿ, ಅಷ್ಟೇ ಹೊತ್ತು ಇರುವ ಹಾಗೆ ಮಾಡಿದೆ. ಮೊದಲು ಖಾಲಿ ಜಾಗ ಮನಸ್ಸಿನಲ್ಲಿ ಕೂತರೆ ತಾನೇ ಅದು ತುಂಬಿದ್ದು ಗೊತ್ತಾಗುವುದು? ಬೇರೆ ಒಂಬತ್ತು ಜನಕ್ಕೆ ತೋರಿಸಿದಾಗ ಒಬ್ಬರನ್ನು ಬಿಟ್ಟು ಎಲ್ಲರೂ ಕಂಡರು.

ಅಮ್ಮ ನೋಡಿ ಕೇಳಿದ್ದು: "ಆ ಹುಡುಗಿ ಲೈಟ್ ಯಾಕೆ ಹಾಕಲ್ಲ?" ಥ್ರಿಲ್ಲರ್ ಮಾಡುವವರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕು. ಮತ್ತೆ ಊರಿಗೆ ಹೋಗಿ ಒಂದು ಶಾಟ್ ತೆಗೆದೆವು: ಅವಳ ಬೆರಳು ಸ್ವಿಚ್ ಒತ್ತುತ್ತದೆ, ಏನೂ ಆಗುವುದಿಲ್ಲ, ಮತ್ತೊಮ್ಮೆ ಒತ್ತುತ್ತದೆ. ಎರಡು ಸೆಕೆಂಡ್. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಇಲ್ಲ ಅಂದರೆ ಯಾರೂ ಕಾರಣ ಕೇಳುವುದಿಲ್ಲ.

ಈಗ ಬರವಣಿಗೆ. ದಯವಿಟ್ಟು ಇದನ್ನು ಕೊನೆಯ ವಾರಕ್ಕೆ ಇಡಬೇಡಿ. ನನ್ನ ಮೊದಲ ಕರಡು ಆರು ಪುಟ ಇತ್ತು. ಮಳೆ ಬಂತು, ಒದ್ದೆಯಾದೆವು, ಫೋನ್ ಬಿಸಿಯಾಯಿತು, ಆದರೂ ಎಲ್ಲರೂ ಸೇರಿ ಮುಗಿಸಿದೆವು. ಮೇಡಂ ಹಿಂದಕ್ಕೆ ಕೊಟ್ಟು, "ಕಷ್ಟಪಟ್ಟಿದ್ದು ಕಾಣ್ತಾ ಇದೆ, ಯೋಚನೆ ಮಾಡಿದ್ದು ಕಾಣ್ತಾ ಇಲ್ಲ" ಅಂದರು. ನನಗೆ ಅಳು ಬಂತು. ಆದರೆ ಅವರು ಹೇಳಿದ್ದು ಸರಿ. ಅವರಿಗೆ ಬೇಕಿದ್ದದ್ದು ನಾವು ಮಾಡಿದ ತೀರ್ಮಾನಗಳು, ಅವುಗಳ ಕಾರಣ, ಅದರಿಂದ ನೋಡುವವರಿಗೆ ಏನಾಯಿತು ಅನ್ನುವುದು.

ನನ್ನನ್ನು ಉಳಿಸಿದ್ದು ಒಂದು 200 ಪುಟದ ನೋಟ್‌ಬುಕ್. ಶೂಟಿಂಗ್ ನಡೆದ ದಿನವೇ ಮಲಗುವ ಮುಂಚೆ ಪ್ರತಿ ಶಾಟ್‌ಗೆ ನಾಲ್ಕೈದು ಸಾಲು ಬರೆಯುತ್ತಿದ್ದೆ. ಒಂದನ್ನು ಹಾಗೇ ಇಲ್ಲಿ ಕೊಡುತ್ತೇನೆ:

"ಶಾಟ್ 14, ಚಪ್ಪಲಿ. ಅಂದುಕೊಂಡಿದ್ದು ಮೇಲಿನಿಂದ. ತೆಗೆದದ್ದು ಮೆಟ್ಟಿಲ ಮಟ್ಟದಿಂದ. ಯಾಕೆ: ಮೇಲಿನಿಂದ ಬಾಗಿಲು ಕಾಣಲ್ಲ, ಹುಡುಗಿ ಒಳಗಿದ್ದಾಳೆ ಅನ್ನೋದು ಮರೆತು ಹೋಗುತ್ತೆ. ಅವನ ಚಪ್ಪಲಿ ಜೋಡಿಸಿ ಇಟ್ಟದ್ದು ನನ್ನ ಯೋಚನೆ ಅಲ್ಲ, ಅವಳದ್ದು. ಅನುಮಾನ: ಹೆಬ್ಬೆರಳಿನ ತುದಿ ಬಾಗಿಲ ಕಡೆ ಇರಬೇಕಾ, ಅಂಗಳದ ಕಡೆನಾ? ಬಾಗಿಲ ಕಡೆ ಇಟ್ಟಿದ್ದೇವೆ. ಈಗ ತಾನೇ ಒಳಗೆ ಹೋದ ಅಂತ ಅರ್ಥ ಬರಲಿ."

ಇದರಿಂದ ವರದಿಯ ಒಂದು ಪೂರ್ತಿ ಪುಟ ಹುಟ್ಟಿತು. ಅದರ ಪಕ್ಕದಲ್ಲೇ ನೋಡಿದವರ ಚೀಟಿಗಳನ್ನು ಅಂಟಿಸಿದೆ, ಮೊದಲ ಸಲದ ಆರು ಜನರ ಚೀಟಿಯನ್ನೂ ಸೇರಿಸಿ. ತಪ್ಪಾಗಿದ್ದನ್ನು ಮುಚ್ಚಿಡಬೇಡಿ. ಒಂದೂವರೆ ಸೆಕೆಂಡಿನ ಶಾಟ್ ಮತ್ತು 4 ಸೆಕೆಂಡಿನ ಶಾಟ್ ಎರಡನ್ನೂ ಇಟ್ಟು ತೋರಿಸಿದ ಪುಟವೇ ಮೇಡಂಗೆ ಎಲ್ಲಕ್ಕಿಂತ ಹಿಡಿಸಿದ್ದು. ಯಾರ ಯೋಚನೆ ಯಾರದ್ದು ಅನ್ನುವುದನ್ನೂ ಹೆಸರಿನ ಸಮೇತ ಬರೆಯಿರಿ. ತಂಡದ ಕೆಲಸದಲ್ಲಿ ಅದು ಬೇಗ ಕರಗಿಹೋಗುತ್ತದೆ.

ಥ್ರಿಲ್ಲರಿನ ಯಾವ ರೂಢಿಯನ್ನು ಬಳಸಿದಿರಿ, ಯಾವುದನ್ನು ಬಿಟ್ಟಿರಿ ಅನ್ನುವ ಪ್ರಶ್ನೆಗೆ ಪಠ್ಯದ ಮಾತು ತುಂಬಬೇಡಿ. ನಿಮ್ಮ ಶಾಟ್ ನಂಬರ್ ಹಿಡಿದು ಉತ್ತರಿಸಿ. ಒಂಟಿ ಹುಡುಗಿ, ಹಳೇ ಮನೆ, ಮಳೆ, ಇವೆಲ್ಲ ಸವೆದ ರೂಢಿಗಳೇ ಅಂತ ನಾನು ಒಪ್ಪಿಕೊಂಡೆ. ಅವಳನ್ನು ಒಮ್ಮೆಯೂ ಕಿರುಚಿಸಲಿಲ್ಲ, ಅವನ ನೆರಳನ್ನೂ ತೋರಿಸಲಿಲ್ಲ ಅನ್ನುವುದನ್ನೂ, ಯಾಕೆ ಅನ್ನುವುದನ್ನೂ ಬರೆದೆ.

ಕೊನೆಗೆ, ಮತ್ತೆ ಮಾಡಿದರೆ ಏನು ಬದಲಾಯಿಸುತ್ತೀರಿ ಅನ್ನುವ ಭಾಗ. "ಇನ್ನೂ ಒಳ್ಳೆಯ ಕ್ಯಾಮೆರಾ ಬಳಸುತ್ತೇವೆ" ಅಂತ ಬರೆಯುವವರು ಜಾಸ್ತಿ. ಅದು ಉತ್ತರವಲ್ಲ. ನಾನು ಬರೆದದ್ದು ಟೈಟಲ್ ಬರುವ ಜಾಗದ ಬಗ್ಗೆ. ಅವಳು ಪೆಟ್ಟಿಗೆ ಮುಚ್ಚಿದ ಕೂಡಲೇ ಮಳೆಯ ಶಬ್ದವನ್ನು ಪೂರ್ತಿ ಕತ್ತರಿಸಿ ಎರಡು ಸೆಕೆಂಡ್ ಮೌನ ಇಟ್ಟಿದ್ದೆ. ಹೆಡ್‌ಫೋನಿನಲ್ಲಿ ಅದ್ಭುತವಾಗಿತ್ತು. ಕಾಲೇಜಿನ ಹಾಲ್‌ನಲ್ಲಿ ಹಾಕಿದಾಗ ಜನ ಸ್ಪೀಕರ್ ಹೋಯ್ತು ಅಂತ ಹಿಂದಕ್ಕೆ ತಿರುಗಿ ನೋಡಿದರು. ಮತ್ತೆ ಮಾಡುವಾಗ ಮಳೆ ನಿಲ್ಲಿಸುತ್ತೇನೆ, ಆದರೆ ಒಂದು ಹನಿಯ ಶಬ್ದ ಉಳಿಸುತ್ತೇನೆ. ಅವನ ಕೊಡೆಯಿಂದ ಜಗುಲಿಯ ನೆಲಕ್ಕೆ ಬೀಳುವ ನೀರು. ಟಪ್. ಸ್ವಲ್ಪ ಬಿಟ್ಟು, ಇನ್ನೊಂದು.